ಮಾಫುಶಿಯ ಮರಳ ಮೇಲೊಂದು ಮುಂಡು

ಮಾಲ್ಡೀವ್ಸ್‌ನ ಮಾಫುಶಿ ದ್ವೀಪದಲ್ಲಿ ಬೀಚ್ ಶುರುವಾಗುವಲ್ಲಿ ಒಂದು ಬೋರ್ಡ್ ಇತ್ತು. ಇಲ್ಲಿ ಬಿಕಿನಿ ಹಾಕಬಾರದು ಅಂತ ಬರೆದಿತ್ತು. ದ್ವೀಪಕ್ಕೆ ಇಳಿದ ಸಂಜೆಯೇ ಓದಿದೆ, ಓದಿ ಮುಂದೆ ಹೋದೆ. ಅದು ಹೆಂಗಸರಿಗೆ ಹೇಳಿದ ಮಾತು, ನನಗಲ್ಲ ಅಂದುಕೊಂಡೆ. ಗಂಡಸರ ಬಗ್ಗೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ. ನನ್ನ ಬ್ಯಾಗಿನಲ್ಲಿ ಮೂರು ಈಜು ಬ್ರೀಫ್‌ಗಳಿದ್ದವು. ತೊಡೆ ಪೂರ್ತಿ ಕಾಣುವ, ವಿ ಆಕಾರದ ಚಿಕ್ಕ ಚಡ್ಡಿಗಳು. ಆ ಬೋರ್ಡನ್ನು ನಾನು ಸರಿಯಾಗಿ ಓದಿಲ್ಲ ಅಂತ ಗೊತ್ತಾಗಲು ಒಂದು ದಿನ ಸಾಕಾಯಿತು.

ಮಾಲ್ಡೀವ್ಸ್‌ನಲ್ಲಿ ಎರಡು ಥರದ ದ್ವೀಪಗಳಿವೆ. ಒಂದು ರೆಸಾರ್ಟ್ ದ್ವೀಪ. 1972ರಲ್ಲಿ ಕುರುಂಬಾದಲ್ಲಿ ಮೊದಲ ರೆಸಾರ್ಟ್ ಶುರುವಾಯಿತು. ಅಲ್ಲಿಂದ ಮುಂದೆ ಬಹಳ ವರ್ಷ ಪ್ರವಾಸಿಗಳು ಊರಿಲ್ಲದ ದ್ವೀಪಗಳಲ್ಲೇ ಇದ್ದು ಹೋಗುತ್ತಿದ್ದರು. ಅಲ್ಲಿ ಏನು ತೊಟ್ಟರೂ ಕೇಳುವವರಿಲ್ಲ. ಇನ್ನೊಂದು, ಜನ ವಾಸ ಮಾಡುವ ದ್ವೀಪ. ಮಸೀದಿ, ಶಾಲೆ, ಬಂದರು, ಮನೆ ಮುಂದೆ ಒಣಹಾಕಿದ ಬಟ್ಟೆ. 2009ರ ಆಸುಪಾಸಿನಲ್ಲಿ ಸರ್ಕಾರ ಇಂಥ ದ್ವೀಪಗಳಲ್ಲೂ ಗೆಸ್ಟ್‌ಹೌಸ್ ನಡೆಸಲು ಬಿಟ್ಟಿತು. ರೆಸಾರ್ಟಿನ ದುಡ್ಡು ಕೊಡಲಾಗದ ನಮ್ಮಂಥವರಿಗೆ ಅದರಿಂದ ದಾರಿಯಾಯಿತು. ಮಾಫುಶಿ ಅದರಲ್ಲಿ ಮೊದಮೊದಲ ಹೆಸರು. ರಾಜಧಾನಿ ಮಾಲೆಯಿಂದ ದಕ್ಷಿಣಕ್ಕೆ ಸುಮಾರು 27 ಕಿಲೋಮೀಟರ್. ಸ್ಪೀಡ್‌ಬೋಟ್‌ನಲ್ಲಿ ಅರ್ಧ ಗಂಟೆ ಚಿಲ್ಲರೆ. ಸರ್ಕಾರಿ ಫೆರಿಯಲ್ಲಾದರೆ ಒಂದೂವರೆ ಗಂಟೆ. ದ್ವೀಪವನ್ನು ಈ ತುದಿಯಿಂದ ಆ ತುದಿಗೆ ನಡೆಯಲು ಕಾಲು ಗಂಟೆ ಜಾಸ್ತಿಯಾಯಿತು.

ಈ ದೇಶದಲ್ಲಿ ಮುಸ್ಲಿಮರಲ್ಲದವರು ಪ್ರಜೆಗಳಾಗುವಂತಿಲ್ಲ. 2008ರ ಸಂವಿಧಾನದಲ್ಲೇ ಅದು ಬರೆದಿದೆ. ಊರಿರುವ ದ್ವೀಪದಲ್ಲಿ ಮದ್ಯ ಸಿಗಲ್ಲ. ನಮಾಜಿನ ಹೊತ್ತಿಗೆ ಅಂಗಡಿಯ ಬಾಗಿಲು ಹಾಕುತ್ತಾರೆ. ಇದೆಲ್ಲ ತಿಳಿದುಕೊಂಡೇ ಹೋಗಿದ್ದೆ. ಪ್ರವಾಸಿಗಳಿಗೆ ಅಂತಲೇ ಬೇರೆ ಮಾಡಿಟ್ಟ ಒಂದು ತುಂಡು ಬೀಚ್ ಇದೆ, ಅದಕ್ಕೆ ಎಲ್ಲರೂ ಕರೆಯುವ ಹೆಸರೇ ‘ಬಿಕಿನಿ ಬೀಚ್’ ಅನ್ನುವುದೂ ಗೊತ್ತಿತ್ತು. ಅಲ್ಲೇ ಈಜಿದರಾಯಿತು ಅಂತ ಲೆಕ್ಕ ಹಾಕಿದ್ದೆ.

ಬ್ರೀಫ್ ಯಾಕೆ ಅಂತ ಹೇಳಬೇಕು. ನಾನು ಹನ್ನೆರಡು ವರ್ಷದಿಂದ ಈಜುತ್ತಿದ್ದೇನೆ. ಮೈ ತೋರಿಸಲಿಕ್ಕೆ ಅಂತ ಯಾವತ್ತೂ ಅದನ್ನು ಹಾಕಿಲ್ಲ. ಸಡಿಲ ಚಡ್ಡಿ ಹಾಕಿ ಈಜುಕೊಳದ ಗೋಡೆ ಒದ್ದು ಹೊರಟು ನೋಡಿ, ಜೇಬಿಗೆಲ್ಲ ನೀರು ತುಂಬಿ ಯಾರೋ ಹಿಂದಿನಿಂದ ಹಿಡಿದು ಜಗ್ಗಿದಂತೆ ಆಗುತ್ತದೆ. ಸಮುದ್ರದಲ್ಲಾದರೆ ಉಪ್ಪು ನೀರಿಗೆ ಒದ್ದೆ ಬಟ್ಟೆ ಉಜ್ಜಿ ಉಜ್ಜಿ ತೊಡೆಯ ಒಳಭಾಗ ಕಿತ್ತುಹೋಗುತ್ತದೆ. ಬ್ರೀಫ್‌ನಲ್ಲಿ ಉಜ್ಜಲು ಬಟ್ಟೆಯೇ ಇಲ್ಲ. ಇದು ಹುಟ್ಟಿದ್ದೂ ಈಜುವವರಿಗಾಗಿಯೇ. ಸ್ಕಾಟ್ಲೆಂಡಿನಿಂದ ವಲಸೆ ಬಂದ ಅಲೆಕ್ಸಾಂಡರ್ ಮೆಕ್‌ರೇ 1914ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಒಂದು ಹೆಣಿಗೆ ಕಂಪನಿ ಶುರು ಮಾಡಿದರು. 1928ರಲ್ಲಿ ಅದರ ಈಜುಡುಗೆಗೆ ಸ್ಪೀಡೊ ಅನ್ನುವ ಹೆಸರು ಬಂತು. ಈಗ ನಾವು ನೋಡುವ ಚಿಕ್ಕ ಬ್ರೀಫ್ ಬಂದದ್ದು 1960ರ ಹೊತ್ತಿಗೆ. ಫ್ರಾನ್ಸಿನ ಸಾರ್ವಜನಿಕ ಈಜುಕೊಳಗಳಲ್ಲಿ ಇವತ್ತಿಗೂ ಸಡಿಲ ಚಡ್ಡಿ ಹಾಕಿ ಬಂದವರನ್ನು ನೀರಿಗೆ ಬಿಡುವುದಿಲ್ಲ, ಮೈಗೆ ಅಂಟುವ ಚಡ್ಡಿಯೇ ಆಗಬೇಕು. ನೀರು ಶುಚಿಯಾಗಿರಲಿ ಅಂತ. ಅಲ್ಲಿ ಮರ್ಯಾದೆಯ ಉಡುಪು ಅನಿಸಿಕೊಂಡದ್ದೇ ಇಲ್ಲಿ ಮರ್ಯಾದೆಗೆಟ್ಟದ್ದು ಅನಿಸುತ್ತದೆ. ನಾನು ಇದನ್ನು ಮೊದಲೇ ಯೋಚಿಸಬೇಕಿತ್ತು.

ಎರಡನೇ ದಿನ ಹನ್ನೊಂದು ಗಂಟೆಗೆ ಬಿಕಿನಿ ಬೀಚಿಗೆ ಹೋದೆ. ಟೀ ಶರ್ಟ್, ಚಡ್ಡಿ, ಟವೆಲ್ ಎಲ್ಲ ಅಲ್ಲೇ ಮರಳಲ್ಲಿ ಇಟ್ಟು ಬ್ರೀಫ್‌ನಲ್ಲಿ ನೀರಿಗಿಳಿದೆ. ದಡಕ್ಕೆ ಸಮನಾಗಿ ಹೋಗಿ ಬರುವುದು ನನ್ನ ಯೋಚನೆ. ಹೋಗುವಾಗ ಎಷ್ಟು ಹಗುರ ಅಂದರೆ, ಇವತ್ತು ಕೈ ಚೆನ್ನಾಗಿ ಬೀಳುತ್ತಿದೆ ಅಂತ ಖುಷಿಪಟ್ಟೆ. ಹವಳದ ಮೇಲೆ ಹಳದಿ ಮೀನುಗಳ ಒಂದು ಗುಂಪು ನನ್ನ ಕೆಳಗೇ ಹಿಂದಕ್ಕೆ ಜಾರಿಹೋಯಿತು. ತಿರುಗಿದ ಮೇಲೆ ಗೊತ್ತಾಯಿತು, ನನ್ನನ್ನು ಒಯ್ಯುತ್ತಿದ್ದದ್ದು ಸೆಳೆತ. ಇಪ್ಪತ್ತು ನಿಮಿಷ ಜೋರಾಗಿ ಹೊಡೆದರೂ ಕೆಳಗಿನ ಅದೇ ಕಲ್ಲು ಅಲ್ಲೇ ಇತ್ತು. ಇನ್ನು ಹಟ ಮಾಡಬಾರದು ಅಂತ ಹತ್ತಿರದ ದಡಕ್ಕೆ ಅಡ್ಡಲಾಗಿ ಈಜಿದೆ.

ಎದ್ದು ನಿಂತ ಜಾಗ ಊರಿನವರ ಬೀಚ್.

ಎದುರಿಗೆ ನಾಲ್ಕೈದು ಹೆಂಗಸರು ಮಕ್ಕಳನ್ನು ಆಡಿಸುತ್ತಾ ನೀರಲ್ಲಿದ್ದರು. ತಲೆಯ ಬಟ್ಟೆ, ಉದ್ದ ತೋಳಿನ ಅಂಗಿ, ಕಾಲು ಮುಚ್ಚುವ ಪ್ಯಾಂಟು, ಎಲ್ಲ ಹಾಕಿಕೊಂಡೇ ನೀರಲ್ಲಿದ್ದರು. ನನ್ನನ್ನು ನೋಡಿ ಯಾರೂ ಕೂಗಲಿಲ್ಲ, ಬೈಯಲಿಲ್ಲ. ಒಬ್ಬೊಬ್ಬರಾಗಿ ಬೆನ್ನು ತಿರುಗಿಸಿದರು. ಒಬ್ಬಾಕೆ ಮಗಳ ಭುಜ ಹಿಡಿದು ಮೆಲ್ಲಗೆ ಆ ಕಡೆ ತಿರುಗಿಸಿದಳು. ಅವರು ಆಡುತ್ತಿದ್ದ ಆಟ ನಿಂತುಹೋಯಿತು. ಅದನ್ನು ನಾನು ನಿಲ್ಲಿಸಿದ್ದೆ.

ನನ್ನ ಬಟ್ಟೆ ಇದ್ದ ಜಾಗಕ್ಕೆ ಊರಿನ ಒಳಗಿಂದಲೇ ಹೋಗಬೇಕು. ಗಲ್ಲಿಯಲ್ಲಿ ನಡೆಯತೊಡಗಿದೆ. ಎರಡೂ ಕಡೆ ಬಿಳಿ ಬಣ್ಣದ ಗೋಡೆ, ಕೆಳಗೆ ಕಾದ ಮರಳು. ಅಷ್ಟರಲ್ಲಿ ಮಧ್ಯಾಹ್ನದ ಬಾಂಗ್ ಕೇಳಿಸಿತು. ಬಾಗಿಲುಗಳು ತೆರೆದವು. ತೋಯ್ದ ತಲೆ ಬಾಚಿಕೊಂಡ ಗಂಡಸರು, ಹುಡುಗರು ಮಸೀದಿಗೆ ಹೊರಟರು. ಅವರೆಲ್ಲ ಎದುರಿಗೆ ಬರುತ್ತಿದ್ದಾರೆ, ನಾನು ಅಂಗೈಯಗಲದ ಬಟ್ಟೆಯಲ್ಲಿ, ಕೈಯಲ್ಲಿ ಗಾಗಲ್ಸ್ ಹಿಡಿದು ನಡೆಯುತ್ತಿದ್ದೇನೆ. ಈಜುಕೊಳದ ಅಂಚಿನಲ್ಲಿ ಸಾವಿರ ಸಲ ಹೀಗೇ ನಿಂತಿದ್ದೇನೆ. ಒಂದು ಸಲವೂ ಮೈ ಮುದುಡಿರಲಿಲ್ಲ. ಇಲ್ಲಿ ಮುದುಡಿತು. ಅವರ ಪ್ರಾರ್ಥನೆಯ ದಾರಿಗೆ ಅಡ್ಡ ಬಂದಿದ್ದೇನೆ ಅನಿಸಿತು.

ಒಂದು ಮನೆಯ ಮುಂದೆ ಜೋಲಿ ಇತ್ತು. ಕಬ್ಬಿಣದ ಪೈಪಿನ ಚೌಕಟ್ಟಿಗೆ ಹಗ್ಗದ ಬಲೆ ಬಿಗಿದು ಮಾಡುವ ಕುರ್ಚಿ. ಮಾಲ್ಡೀವ್ಸ್‌ನ ಬೀದಿ ಬೀದಿಯಲ್ಲೂ ಇರುತ್ತದೆ. ಅದರಲ್ಲಿ ಕೂತಿದ್ದ ಹಿರಿಯರೊಬ್ಬರು ನನ್ನನ್ನು ಕಂಡದ್ದೇ ಎದ್ದು ಒಳಗೆ ಹೋದರು. ಇವರೂ ಮುಖ ತಿರುಗಿಸಿದರು ಅಂದುಕೊಂಡೆ. ನಾನು ಬಾಗಿಲು ದಾಟುವಷ್ಟರಲ್ಲಿ ಹೊರಗೆ ಬಂದರು. ಕೈಯಲ್ಲಿ ಮಡಿಸಿದ ಒಂದು ಬಟ್ಟೆ. ಮುಖವನ್ನು ಪಕ್ಕಕ್ಕೆ ಹೊರಳಿಸಿ, ಕೈಯನ್ನು ಮಾತ್ರ ನನ್ನ ಕಡೆ ಚಾಚಿದರು.

ಅದು ಮುಂಡು. ಇಲ್ಲಿನ ದಿವೇಹಿ ಭಾಷೆಯಲ್ಲಿ ಲುಂಗಿಗೆ ಹಾಗೇ ಅನ್ನುತ್ತಾರೆ. ನೀಲಿ ಚೌಕಳಿ, ಒಗೆದೊಗೆದು ಮೆತ್ತಗಾಗಿತ್ತು, ಸೋಪಿನ ವಾಸನೆ ಇನ್ನೂ ಇತ್ತು. ಒಂದು ಮೂಲೆಯಲ್ಲಿ ಹರಿದದ್ದನ್ನು ಕಪ್ಪು ದಾರದಿಂದ ಹೊಲಿದಿದ್ದರು. ಒದ್ದೆ ಮೈಗೆ ಸುತ್ತಿ ಸೊಂಟದಲ್ಲಿ ಗಂಟು ಹಾಕಿಕೊಂಡೆ. ಕೈ ನಡುಗುತ್ತಿತ್ತು, ಎರಡು ಸಲ ಜಾರಿತು. ಅಷ್ಟು ಹೊತ್ತೂ ಅವರು ಗೋಡೆ ನೋಡುತ್ತಾ ನಿಂತೇ ಇದ್ದರು. ‘ಶುಕುರಿಯ್ಯಾ’ ಅಂದೆ. ನನಗೆ ಗೊತ್ತಿದ್ದ ಒಂದೇ ದಿವೇಹಿ ಮಾತು ಅದು. ಆಮೇಲೆ ಅವರು ನನ್ನ ಮುಖ ನೋಡಿ ತಲೆಯಾಡಿಸಿ ಮಸೀದಿ ಕಡೆ ನಡೆದರು.

ಗೆಸ್ಟ್‌ಹೌಸಿನ ಹುಡುಗನಿಗೆ ನಡೆದದ್ದನ್ನು ಹೇಳಿದೆ. ಅವನು ನಗಲಿಲ್ಲ. ‘ಸರ್, ಬೋರ್ಡಲ್ಲಿ ಬಿಕಿನಿ ಅಂತಿದ್ರೂ ಅದು ಎಲ್ಲರಿಗೂ ಸೇರಿ’ ಅಂದ. ಗಂಡಸರು ಹೊಕ್ಕುಳಿಂದ ಮೊಣಕಾಲಿನವರೆಗೆ ಮುಚ್ಚಿಕೊಂಡಿರಬೇಕು ಅನ್ನುವುದು ಅವರ ಧರ್ಮದ ನಿಯಮ. ಮುಚ್ಚಬೇಕಾದ ಆ ಭಾಗಕ್ಕೆ ಔರಾ ಅನ್ನುತ್ತಾರೆ. ಗಂಡಸರಿಗೂ ನಿಯಮ ಇದೆ ಅನ್ನುವುದೇ ನನ್ನ ತಲೆಗೆ ಬಂದಿರಲಿಲ್ಲ. ಧರ್ಮ, ಉಡುಪು ಅಂದ ಕೂಡಲೇ ನಾವು ಬರೀ ಹೆಂಗಸರ ಬಟ್ಟೆಯ ಬಗ್ಗೆ ಯೋಚಿಸುತ್ತೇವೆ ಅಲ್ವಾ?

ಆ ಅಳತೆ ಕೇಳಿದಾಗ ನನಗೆ ಇನ್ನೊಂದು ನೆನಪಾಯಿತು. ಸ್ಪರ್ಧೆಯ ಈಜುಡುಗೆಗೂ ಇದೇ ಅಳತೆ. 2009ರಲ್ಲಿ ಮೈತುಂಬ ಮುಚ್ಚುವ ಪಾಲಿಯುರಿಥೇನ್ ಸೂಟು ಹಾಕಿ ವಿಶ್ವದಾಖಲೆಗಳು ಸಾಲುಸಾಲಾಗಿ ಮುರಿದುಬಿದ್ದವು. ಆಗ ಈಜಿನ ಅಂತರರಾಷ್ಟ್ರೀಯ ಸಂಸ್ಥೆ ಫಿನಾ 2010ರಿಂದ ಹೊಸ ನಿಯಮ ತಂದಿತು. ಗಂಡಸರ ಉಡುಪು ಹೊಕ್ಕುಳಿಗಿಂತ ಮೇಲೆ ಹೋಗಬಾರದು, ಮೊಣಕಾಲಿಗಿಂತ ಕೆಳಗೆ ಇಳಿಯಬಾರದು. ಅಲ್ಲಿ ಅದು ಹೆಚ್ಚೆಂದರೆ ಇಷ್ಟು ಅನ್ನುವ ಗೆರೆ. ಇಲ್ಲಿ ಕಡಿಮೆಯೆಂದರೆ ಇಷ್ಟು ಅನ್ನುವ ಗೆರೆ. ಆ ಎರಡು ಗೆರೆಗಳು ಕೂಡುವ ಜಾಗದಲ್ಲಿ ಒಂದು ಉಡುಪು ಇದೆ, ಜಾಮರ್. ಸೊಂಟದಿಂದ ಮೊಣಕಾಲಿನವರೆಗೆ ಮೈಗಂಟುವ ಈಜುಚಡ್ಡಿ. ನೀರು ತುಂಬಲ್ಲ, ಉಜ್ಜಲ್ಲ, ವೇಗವೂ ಕಡಿಮೆಯಾಗಲ್ಲ. ಬ್ಯಾಗಿನ ತಳದಲ್ಲಿ ಒಂದು ಇತ್ತು. ತೆಗೆದು ಇಟ್ಟುಕೊಂಡೆ. ಆದರೂ ಅದು ಮೈಯ ಆಕಾರ ಬಿಡುವುದಿಲ್ಲ, ಊರೊಳಗೆ ನಡೆಯುವಾಗ ಮೇಲೊಂದು ಸಡಿಲ ಬಟ್ಟೆ ಬೇಕೇ ಬೇಕು ಅಂತ ಹುಡುಗ ಹೇಳಿದ. ಮೇಲೆ ಟೀ ಶರ್ಟೂ ಇರಲಿ ಅಂದ. ಬಂದರಿನಲ್ಲಿ ಹಾರಿ ಮುಳುಗುವ ಇಲ್ಲಿನ ಹುಡುಗರನ್ನು ಆಮೇಲೆ ಗಮನಿಸಿದೆ. ತುಂಬಾ ಜನ ಟೀ ಶರ್ಟ್ ಹಾಕಿಕೊಂಡೇ ಹಾರುತ್ತಿದ್ದರು.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. 2020ರ ಫೆಬ್ರವರಿಯಲ್ಲಿ ಇದೇ ಮಾಫುಶಿಯ ರಸ್ತೆಯಲ್ಲಿ ಬಿಕಿನಿ ತೊಟ್ಟು ನಡೆದ ಒಬ್ಬ ಪ್ರವಾಸಿ ಹೆಣ್ಣುಮಗಳನ್ನು ಪೊಲೀಸರು ಹಿಡಿದು ಎಳೆದಾಡಿದ ವಿಡಿಯೊ ಎಲ್ಲೆಡೆ ಹರಿದಾಡಿತ್ತು. ಪೊಲೀಸ್ ಮುಖ್ಯಸ್ಥರೇ ಕ್ಷಮೆ ಕೇಳಬೇಕಾಯಿತು. ನಾನು ಮಾಡಿದ್ದು ಅದಕ್ಕಿಂತ ಸಣ್ಣ ತಪ್ಪಲ್ಲ. ಅವಳಿಗೆ ಬೇಡಿ, ನನಗೆ ಮುಂಡು. ಗಂಡಸಾಗಿದ್ದಕ್ಕೆ ಇಷ್ಟರಲ್ಲೇ ಮುಗಿಯಿತೇನೋ ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ. ಹಾಗಂತ ಗಂಡಸರಿಗೆ ಎಲ್ಲ ಕಡೆಯೂ ಹೀಗೇ ಬಿಡುತ್ತಾರೆ ಅಂತ ನಂಬಿ ಹೋಗಬೇಡಿ. 2016ರ ಅಕ್ಟೋಬರಿನಲ್ಲಿ ಮಲೇಷ್ಯಾದ ಸೆಪಾಂಗ್‌ನಲ್ಲಿ ಫಾರ್ಮುಲಾ ಒನ್ ರೇಸ್ ಮುಗಿದ ಮೇಲೆ ಒಂಬತ್ತು ಜನ ಆಸ್ಟ್ರೇಲಿಯಾದ ಹುಡುಗರು ಮಲೇಷ್ಯಾದ ಬಾವುಟ ಅಚ್ಚಾದ ಈಜು ಬ್ರೀಫ್‌ನಲ್ಲಿ ಎಲ್ಲರೆದುರು ಕುಣಿದರು. ನಾಲ್ಕು ರಾತ್ರಿ ಲಾಕಪ್ಪಿನಲ್ಲಿ ಕಳೆದು, ಕೋರ್ಟಿನಲ್ಲಿ ತಪ್ಪೊಪ್ಪಿ ಕ್ಷಮೆ ಕೇಳಿದ ಮೇಲೆಯೇ ಬಿಡುಗಡೆ. ಅವರಿಗೆ ಅದು ಖುಷಿಯ ಆಟ. ನೋಡಿದವರಿಗೆ ಅವಮಾನ.

ಮರುದಿನ ಮುಂಡು ಒಗೆದು ಒಣಗಿಸಿ, ಮಡಿಸಿಕೊಂಡು ಆ ಮನೆಗೆ ಹೋದೆ. ಹಿರಿಯರು ಜೋಲಿಯಲ್ಲೇ ಇದ್ದರು. ಹತ್ತು ಹನ್ನೆರಡು ವರ್ಷದ ಮೊಮ್ಮಗ ಪಕ್ಕದಲ್ಲಿ ನಿಂತು ನಮ್ಮ ಮಾತನ್ನು ಇಂಗ್ಲಿಷಿನಲ್ಲಿ ದಾಟಿಸುತ್ತಿದ್ದ. ತಾತನನ್ನು ‘ಕಾಫಾ’ ಅಂತ ಕರೆಯುತ್ತಿದ್ದ. ನಾನು ಕ್ಷಮೆ ಕೇಳಿದೆ. ಅವರು ಅದನ್ನು ಕೇಳಿಸಿಕೊಂಡು ಸುಮ್ನೆ ತಲೆಯಾಡಿಸಿದರು. ಬಟ್ಟೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವರು ಕೇಳಿದ್ದು ಬೇರೆ.

‘ನೀವು ಎಲ್ಲಿ ಇಳಿದಿರಿ ಅಂತ ಕಾಫಾ ಕೇಳ್ತಿದ್ದಾರೆ.’

ಹೇಳಿದೆ. ಅವರು ಜೋಲಿಯಿಂದ ಮುಂದೆ ಬಾಗಿ ಮರಳಿನ ಮೇಲೆ ಬೆರಳಿನಿಂದ ದ್ವೀಪದ ಆಕಾರ ಬರೆದರು. ನಲವತ್ತು ವರ್ಷ ದೋಣಿಯಲ್ಲಿ ಗಾಳ ಹಾಕಿ ಟ್ಯೂನಾ ಹಿಡಿದ ಬೆರಳು ಅದು, ಗಂಟು ಗಂಟಾಗಿತ್ತು. ನೀರು ಯಾವ ಹೊತ್ತಿಗೆ ಯಾವ ಕಡೆ ಓಡುತ್ತದೆ ಅಂತ ಗೆರೆ ಎಳೆದರು. ನಾನು ಇಳಿದ ಜಾಗಕ್ಕೆ ಅಡ್ಡ ಗೀಟು ಹಾಕಿದರು. ಇನ್ನೂ ಸ್ವಲ್ಪ ಹೊತ್ತು ಹಟ ಮಾಡಿದ್ದರೆ ಸೆಳೆತ ನನ್ನನ್ನು ದ್ವೀಪದಿಂದ ಹೊರಗೆ ಒಯ್ಯುತ್ತಿತ್ತಂತೆ. ‘ಒಬ್ಬರೇ ಹೋಗಬೇಡಿ ಅಂತಿದ್ದಾರೆ’ ಅಂದ ಮೊಮ್ಮಗ. ಗಲ್ಲಿಯಲ್ಲಿ ಅರೆಬೆತ್ತಲೆ ನಡೆದವನ ಬಗ್ಗೆ ಅವರಿಗಿದ್ದ ಚಿಂತೆ ಇದು. ನನಗೆ ಮಾತು ಹೊರಡಲಿಲ್ಲ.

ಮುಂಡು ವಾಪಸ್ ಕೊಟ್ಟರೆ ತೆಗೆದುಕೊಳ್ಳಲಿಲ್ಲ. ನಾಳೆಯೂ ಬೇಕಾಗುತ್ತದೆ, ಇಟ್ಟುಕೊಳ್ಳಿ ಅಂದರು.

ಒಂದು ದಿನ ದೋಣಿಯವರು ನನ್ನನ್ನು ಮರಳ ದಿಬ್ಬಕ್ಕೆ ಕರೆದುಕೊಂಡು ಹೋದರು. ಸಮುದ್ರದ ನಡುವೆ ಬರೀ ಬಿಳಿ ಮರಳು, ಒಂದು ಗಿಡವೂ ಇಲ್ಲ. ಇಲ್ಲಿ ಊರಿಲ್ಲ, ನಿಮಗಿಷ್ಟ ಬಂದದ್ದು ಹಾಕಿಕೊಳ್ಳಿ ಅಂತ ದೋಣಿಯವರೇ ಹೇಳಿದರು. ಬ್ರೀಫ್‌ನಲ್ಲಿ ಮನಸಾರೆ ಈಜಿದೆ. ಅದೇ ಚಡ್ಡಿ, ಅದೇ ಮೈ. ಯಾವ ಮುದುಡೂ ಇರಲಿಲ್ಲ. ಶುಕ್ರವಾರ ಫೆರಿ ಇಲ್ಲ, ಮಧ್ಯಾಹ್ನದ ನಮಾಜು ಮುಗಿಯುವವರೆಗೆ ಊರೆಲ್ಲ ಮೌನ. ಅವತ್ತು ಈಜದೆ ಕೋಣೆಯಲ್ಲೇ ಇದ್ದೆ.

ಹೊರಡುವ ದಿನ ಬೆಳಗ್ಗೆ ಆರೂವರೆಗೆ ಎದ್ದೆ. ಒಬ್ಬರೇ ಹೋಗಬೇಡಿ ಅಂದಿದ್ದರಲ್ಲ, ಈಜು ಬಲ್ಲ ಗೆಸ್ಟ್‌ಹೌಸಿನ ಹುಡುಗನೂ ಜೊತೆಗೆ ಬಂದ. ಹಿರಿಯರು ಬರೆದು ತೋರಿಸಿದ ಜಾಗದಿಂದ ಇಳಿಯಬೇಕು, ಏಳುವುದು ಬಿಕಿನಿ ಬೀಚಿನಲ್ಲಿ. ಮೊದಲು ಅಲ್ಲಿಗೆ ಹೋಗಿ ಮುಂಡು, ಟೀ ಶರ್ಟ್ ಮಡಿಸಿ ಒಣ ಮರಳ ಮೇಲಿಟ್ಟೆ. ಗಾಳಿಗೆ ಹಾರದಿರಲಿ ಅಂತ ಚಪ್ಪಲಿ ಹೇರಿದೆ. ಆಮೇಲೆ ಜಾಮರ್ ಮೇಲೊಂದು ಸಡಿಲ ಚಡ್ಡಿ, ಇನ್ನೊಂದು ಅಂಗಿ ಹಾಕಿಕೊಂಡು ಗಲ್ಲಿಯಲ್ಲಿ ನಡೆದೆ. ಜೋಲಿ ಖಾಲಿ ಇತ್ತು. ನೀರಿನ ಅಂಚಿನಲ್ಲಿ ಅವೆರಡನ್ನೂ ತೆಗೆದು, ಸೊಂಟಕ್ಕೆ ಕಟ್ಟಿ ಎಳೆಯುವ ತೇಲುಚೀಲಕ್ಕೆ ತುರುಕಿದೆ.

ಅವರು ಹೇಳಿದಂತೆಯೇ ಆಯಿತು. ನೀರೇ ನಮ್ಮಿಬ್ಬರನ್ನು ನಿಧಾನವಾಗಿ ಒಯ್ದಿತು. ಅರ್ಧ ಗಂಟೆಯ ನಂತರ ತಲೆಯೆತ್ತಿದಾಗ ಎದುರಿಗೇ ನೀಲಿ ಚೌಕಳಿ ಕಾಣಿಸುತ್ತಿತ್ತು. ಎದ್ದು ಬಂದು ಸುತ್ತಿಕೊಂಡೆ. ಈ ಸಲ ಗಂಟು ಒಂದೇ ಸಲಕ್ಕೆ ನಿಂತಿತು.