ವೃಷಣದ ನೋವಿಗೆ ಯಾವ ಸ್ಕ್ಯಾನ್?

2024 ಜೂನ್ 12, ಬುಧವಾರ
ಕಲಬುರಗಿ

ಬೆಳಗಿನ ಜಾವ ನಾಲ್ಕಕ್ಕೆ ಶುರುವಾದ ನೋವನ್ನು ಹದಿನೈದರ ಹುಡುಗನೊಬ್ಬ ನಾಚಿಕೆಯಿಂದ ಹೊಟ್ಟೆನೋವೆಂದೇ ಹೇಳಿಕೊಂಡಿದ್ದ. ಹೊರಗಡೆ ಹೊಟ್ಟೆಯ ಸಿ.ಟಿ. ಮಾಡಿಸಿ, ಅದರಲ್ಲಿ ಏನೂ ಸಿಗದೆ, ನಮ್ಮ ಸ್ಕ್ಯಾನಿಂಗ್ ಕೋಣೆಗೆ ಅವನನ್ನು ಕರೆತರುವಷ್ಟರಲ್ಲಿ ಎಂಟೂವರೆ ಆಗಿತ್ತು. "ತಮ್ಮಾ, ನಾಚಬ್ಯಾಡ, ಖರೆ ಎಲ್ಲಿ ನೋಯ್ತದ ಹೇಳು" ಎಂದಾಗ ಅವನ ಕೈ ಕೆಳಕ್ಕೆ ಹೋಯಿತು.

ನೋವಿಲ್ಲದ ಬಲಬದಿಯನ್ನು ಮೊದಲು ನೋಡಿ, ಅಲ್ಟ್ರಾಸೌಂಡಿನಲ್ಲಿ ರಕ್ತಹರಿವನ್ನು ಬಣ್ಣವಾಗಿ ತೋರಿಸುವ ಡಾಪ್ಲರನ್ನು ನಿಧಾನವಾದ ಹರಿವೂ ಕಾಣುವಂತೆ ಹೊಂದಿಸಿಕೊಂಡು, ಆಮೇಲೆ ಎಡಕ್ಕೆ ಪ್ರೋಬ್ ಸರಿಸಿದೆ. ಅಲ್ಲಿ ಬಣ್ಣದ ಒಂದು ಚುಕ್ಕೆಯೂ ಇರಲಿಲ್ಲ. ಮೇಲ್ಗಡೆ ವೃಷಣರಜ್ಜು, ಅಂದರೆ ವೃಷಣಕ್ಕೆ ರಕ್ತ ಒಯ್ಯುವ ನಾಳಗಳ ಹುರಿ, ನೀರಿನ ಸುಳಿಯಂತೆ ಸುತ್ತಿಕೊಂಡಿತ್ತು. ಸೋಂಕಿನ ಊತವಾಗಿದ್ದರೆ ರಕ್ತಹರಿವು ಹೆಚ್ಚಿರುತ್ತಿತ್ತು; ಇದು ರಜ್ಜು ತಿರುಚಿ ರಕ್ತ ನಿಂತುಹೋಗುವ ವೃಷಣದ ತಿರುವು.

"ಎಂ.ಆರ್.ಐ. ಮಾಡಿಸಬೇಕೇನ್ರಿ, ಸಾಹೇಬ್ರ?" ಎಂದು ತಂದೆ ಕೇಳಿದರು. ಬೇಡವೆಂದೆ. ಆರು ಗಂಟೆಯೊಳಗೆ ತಿರುವು ಬಿಡಿಸಿದರೆ ಬಹುಪಾಲು ವೃಷಣಗಳು ಉಳಿಯುತ್ತವೆ, 24 ಗಂಟೆ ಕಳೆದರೆ ಉಳಿಯುವುದು ಅಪರೂಪ; ಅರ್ಧ ಗಂಟೆ ಹಿಡಿಯುವ ಪರೀಕ್ಷೆಗೆ ಇಲ್ಲಿ ಸಮಯವಿಲ್ಲ. ತಿರುವು ಅರೆಬರೆಯಾಗಿದ್ದಾಗ ಡಾಪ್ಲರಿನಲ್ಲಿಯೂ ರಕ್ತಹರಿವು ಕಾಣಬಹುದಾದ್ದರಿಂದ, ಲಕ್ಷಣಗಳು ಬಲವಾಗಿದ್ದರೆ ಸರ್ಜನ್ನರು ನಮ್ಮ ಸ್ಕ್ಯಾನಿಗೂ ಕಾಯಬಾರದೆಂದೇ ನನ್ನ ಅಭಿಪ್ರಾಯ.

ಹಿಂದೆ ಟೆಕ್ನೀಷಿಯಂ ಎಂಬ ವಿಕಿರಣ ಸೂಸುವ ವಸ್ತುವನ್ನು ಚುಚ್ಚಿ ಗಾಮಾ ಕ್ಯಾಮೆರಾದಲ್ಲಿ ನೋಡುತ್ತಿದ್ದ ಪರೀಕ್ಷೆಯು ರಕ್ತಹರಿವನ್ನು ತಿಳಿಸುತ್ತಿತ್ತೇ ಹೊರತು ಒಳರಚನೆಯನ್ನು ಸ್ಪಷ್ಟವಾಗಿ ತೋರಿಸುತ್ತಿರಲಿಲ್ಲ. ಎಂ.ಆರ್.ಐ.ಯ ಬೆಲೆ ತಿಳಿಯುವುದು ಬೇರೆ ಕಡೆ: ಗಡ್ಡೆ ವೃಷಣದ ಒಳಗಿದೆಯೋ ಹೊರಗಿದೆಯೋ ಎಂಬುದು ಅಲ್ಟ್ರಾಸೌಂಡಿನಲ್ಲಿ ಇತ್ಯರ್ಥವಾಗದಿದ್ದಾಗ, ಅದು ಅನಗತ್ಯವಾಗಿ ವೃಷಣ ತೆಗೆಯುವುದನ್ನು ತಪ್ಪಿಸಬಲ್ಲದು. ಸಿ.ಟಿ. ಬೇಕಾಗುವುದು ಕ್ಯಾನ್ಸರ್ ಖಚಿತವಾದ ಮೇಲೆ, ಅದೂ ಮುಖ್ಯವಾಗಿ ಹೊಟ್ಟೆಗೆ. ಭ್ರೂಣದಲ್ಲಿ ವೃಷಣ ಮೂತ್ರಪಿಂಡದ ಸಮೀಪ ಹುಟ್ಟಿ ಕೆಳಗಿಳಿಯುವುದರಿಂದ ಅದರ ದುಗ್ಧನಾಳಗಳು (ಅಂಗಾಂಶಗಳ ದ್ರವವನ್ನು ಒಯ್ಯುವ ಸಣ್ಣ ನಾಳಗಳು) ಅಲ್ಲಿಗೇ ಮರಳುತ್ತವೆ, ರೋಗವೂ ಸಾಮಾನ್ಯವಾಗಿ ಮೊದಲು ಅಲ್ಲಿಯ ಗ್ರಂಥಿಗಳಿಗೇ ಹರಡುತ್ತದೆ.

ಆನೆಕಾಲು ರೋಗವನ್ನು ಕಂಡಿರುವ ನಮ್ಮ ಭಾಗದಲ್ಲಿ ಅಲ್ಟ್ರಾಸೌಂಡಿನ ಇನ್ನೊಂದು ಗುಣವನ್ನೂ ಹೇಳಲೇಬೇಕು. ವೃಷಣಚೀಲದ ಹಿಗ್ಗಿದ ದುಗ್ಧನಾಳದೊಳಗೆ ಆ ರೋಗದ ಜೀವಂತ ಹುಳುಗಳು ಬಿಡುವಿಲ್ಲದೆ ಹೊರಳಾಡುವುದನ್ನು ಪರದೆಯ ಮೇಲೆ ಕಣ್ಣಾರೆ ನೋಡಬಹುದು. ನಿಂತ ಚಿತ್ರಗಳನ್ನು ಕೊಡುವ ಸಿ.ಟಿ.ಯಲ್ಲಿ ಅದು ಸಿಗುವುದಿಲ್ಲ.

ವರದಿ ಟೈಪಾಗುವುದನ್ನು ಕಾಯದೆ ನಾಲ್ಕು ಸಾಲು ಕೈಯಲ್ಲೇ ಬರೆದು ಹುಡುಗನೊಡನೆ ಕಳಿಸಿದೆ. ಹನ್ನೊಂದಕ್ಕೆ ಸರ್ಜನ್ ಫೋನ್ ಮಾಡಿದರು: ರಜ್ಜು ಒಂದೂವರೆ ಸುತ್ತು ತಿರುಚಿತ್ತು, ಬಿಡಿಸಿ ಬಿಸಿ ಸಲೈನಿನ ಬಟ್ಟೆ ಸುತ್ತಿಟ್ಟ ಮೇಲೆ ಕಪ್ಪಿಟ್ಟಿದ್ದ ವೃಷಣ ನಿಧಾನವಾಗಿ ಕೆಂಪೇರಿತು, ಎರಡೂ ಬದಿಗೆ ಹೊಲಿಗೆ ಹಾಕಿ ಭದ್ರಪಡಿಸಿದ್ದಾರೆ.