ಬನ್ನಿ ಅಂದವರು

ಎಲ್ಲಿ ಏನೇ ಅನಾಹುತ ಆದರೂ ಲಕ್ಷಾಂತರ ಫಾಲೋವರ್ಸ್ ಇರುವವರ ಪೋಸ್ಟ್ ಕೆಳಗೆ ಒಂದು ಪ್ರಶ್ನೆ ಬಂದೇ ಬರುತ್ತದೆ. "ಇದರ ಬಗ್ಗೆ ಯಾಕೆ ಬಾಯಿ ಬಿಡ್ತಿಲ್ಲ?" ನನಗಂತೂ ಇದು ಕಿರಿಕಿರಿ. ಕೇಕ್ ಮಾಡಿ ತೋರಿಸುವ ಹುಡುಗಿ ಯುದ್ಧದ ಬಗ್ಗೆಯೂ ಮಾತಾಡಲೇಬೇಕಾ? ಗೊತ್ತಿಲ್ಲದಿದ್ದರೆ ಸುಮ್ಮನಿರಲಿ, ಅದೇ ದೊಡ್ಡ ಉಪಕಾರ.

ಆದರೆ 2025ರ ಜೂನ್ 4 ನೆನಪಾದರೆ ನನ್ನ ಈ ವಾದ ಸ್ವಲ್ಪ ಅಲ್ಲಾಡುತ್ತದೆ.

ಹಿಂದಿನ ರಾತ್ರಿ ಅಹಮದಾಬಾದಿನಲ್ಲಿ ಆರ್‌ಸಿಬಿ ಕಪ್ ಗೆದ್ದಿತ್ತು, 18ನೇ ಸೀಸನ್‌ನಲ್ಲಿ ಮೊದಲ ಸಲ. ಬೆಳಗ್ಗೆಯೇ ತಂಡದ ಖಾತೆಯಲ್ಲಿ ವಿಜಯೋತ್ಸವದ ಪೋಸ್ಟ್‌ಗಳು ಶುರುವಾದವು. ಮೆರವಣಿಗೆ ಇಲ್ಲ ಅಂತ ಸಂಚಾರ ಪೊಲೀಸರು ಹೇಳಿದರು. ಮಧ್ಯಾಹ್ನ ಮೂರು ದಾಟಿದ ಮೇಲೆ ತಂಡದ ಖಾತೆ ಐದು ಗಂಟೆಗೆ ಮೆರವಣಿಗೆ ಇದೆ ಅಂದಿತು. ಜನ ಯಾರನ್ನು ನಂಬುತ್ತಾರೆ ಹೇಳಿ? ಸುಮಾರು 35 ಸಾವಿರ ಜನ ಹಿಡಿಸುವ ಚಿನ್ನಸ್ವಾಮಿಯ ಸುತ್ತ ಲಕ್ಷಗಟ್ಟಲೆ ಜನ ಸೇರಿದರು. ಗೇಟುಗಳ ಹತ್ತಿರ ಕಾಲ್ತುಳಿತವಾಗಿ 11 ಜನ ಸತ್ತರು. ಒಳಗೆ ಸನ್ಮಾನ ನಡೆಯಿತು.

ನನ್ನ ಚಿಕ್ಕಮ್ಮನ ಮಗಳದೇ ಒಂದು ಕೇಕ್ ಪೇಜ್ ಇದೆ, ನಲವತ್ತು ಸಾವಿರ ಫಾಲೋವರ್ಸ್. ಅವಳು ಬೆಳಗ್ಗೆ ಕೆಂಪು ಕ್ರೀಮಿನ ಕೇಕ್ ಹಾಕಿ "ಎಲ್ರೂ ಬನ್ನಿ, ಮೆಟ್ರೋ ಹತ್ತಿ" ಅಂತ ಸ್ಟೋರಿ ಬಿಟ್ಟಿದ್ದಳು. ಸಂಜೆ ಫೋನ್ ಮಾಡಿ "ಅಕ್ಕಾ, ನಾನೂ ಏನಾದ್ರೂ ಹಾಕ್ಬೇಕಾ? ಎಲ್ರೂ ಹಾಕ್ತಿದಾರೆ" ಅಂದಳು. ನಾನು ಉತ್ತರ ಹುಡುಕುವಷ್ಟರಲ್ಲಿ ಕಪ್ಪು ಹಿನ್ನೆಲೆಯಲ್ಲಿ ಒಂದು ಮೇಣದಬತ್ತಿಯ ಚಿತ್ರ ಹಾಕಿ ಆಗಿತ್ತು. ಬೆಳಗಿನ ಸ್ಟೋರಿ ಮಾತ್ರ ಹಾಗೇ ಇತ್ತು! ಎರಡೂ ಒಂದರ ಹಿಂದೆ ಒಂದು ಓಡುತ್ತಿದ್ದವು.

ಕಬ್ಬನ್ ಪಾರ್ಕ್, ವಿಧಾನಸೌಧ ನಿಲ್ದಾಣಗಳಲ್ಲಿ ಆ ಸಂಜೆ ಮೆಟ್ರೋ ನಿಲ್ಲುತ್ತಿರಲಿಲ್ಲ. "ಅಲ್ಲಿಗೆ ಹೋಗಬೇಡಿ, ಹೊರಟಿದ್ದರೆ ವಾಪಸ್ ಬನ್ನಿ" ಅಂತ ಅವಳು ಒಂದು ಸಾಲು ಹಾಕಿದ್ದರೆ ಸಾಕಿತ್ತು, ಅದಕ್ಕೆ ಅಭಿಪ್ರಾಯವೂ ಬೇಡ, ವಿಷಯ ಜ್ಞಾನವೂ ಬೇಡ, ಬೆಳಗ್ಗೆ ಬನ್ನಿ ಅಂದದ್ದು ನೆನಪಿದ್ದರೆ ಆಯಿತು. ಕಪ್ಪು ಚಿತ್ರದಿಂದ ಕೆಲವು ಸಲ ಕೆಲಸ ಕೆಡುವುದೂ ಉಂಟು. 2020ರ ಜೂನ್ 2ರಂದು ಅಮೆರಿಕದಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವರ್ಣೀಯ ಪೊಲೀಸರ ಕೈಯಲ್ಲಿ ಸತ್ತದ್ದರ ವಿರುದ್ಧದ ಪ್ರತಿಭಟನೆಗೆ ಬೆಂಬಲ ಅಂತ ಜನ ಇನ್‌ಸ್ಟಾಗ್ರಾಂ ತುಂಬ ಬ್ಲ್ಯಾಕ್ ಲೈವ್ಸ್ ಮ್ಯಾಟರ್ ಹ್ಯಾಷ್‌ಟ್ಯಾಗ್ ಹಚ್ಚಿ ಕಪ್ಪು ಚೌಕ ಹಾಕಿದರು. ಅದೇ ಹ್ಯಾಷ್‌ಟ್ಯಾಗ್‌ನಲ್ಲಿ ಹೋರಾಟಗಾರರು ಹಂಚುತ್ತಿದ್ದ ಮಾಹಿತಿ ಆ ಚೌಕಗಳಡಿ ಹೂತುಹೋಯಿತು.

ಹಾಗಾಗಿ ಯಾರು ಮಾತಾಡಬೇಕು ಅನ್ನೋದಕ್ಕೆ ಈಗ ನನ್ನ ಲೆಕ್ಕ ಬೇರೆ. ಜನರನ್ನು ಆ ಕಡೆ ಕಳಿಸಿದ್ದರಲ್ಲಿ ನಿನ್ನ ಪಾಲಿದ್ದರೆ ಮಾತಾಡು. ಇಲ್ಲದಿದ್ದರೆ ಕೇಕ್ ಮಾಡಿಕೊಂಡಿರು, ಯಾರೂ ಬೈಯಬಾರದು. ತಂಡದ ಖಾತೆಯೇ ಪರಿಹಾರದ ಘೋಷಣೆ ಬಿಟ್ಟರೆ ಹೆಚ್ಚುಕಡಿಮೆ ಮೂರು ತಿಂಗಳು ಮೌನವಾಗಿತ್ತು, ಆಗಸ್ಟ್ 28ಕ್ಕೆ ಮತ್ತೆ ಬರೆದಾಗ ಆ ಮೌನ ದುಃಖದ್ದು ಅಂದಿತು. ಇರಬಹುದು. ದುಃಖ ಇರಲಿಲ್ಲ ಅಂತ ನಾನು ಹೇಳಲಾರೆ. ಆದರೆ ಅಷ್ಟು ದೊಡ್ಡ ದನಿಯಲ್ಲಿ ಕರೆದವರು ಯಾಕೆ, ಹೇಗೆ ಕರೆದೆವು ಅಂತಲೂ ಹೇಳಬೇಕಿತ್ತು ಅಲ್ವಾ?

ಮೊನ್ನೆ ಹಬ್ಬಕ್ಕೆ ಬಂದಾಗ, ಆ ಬೆಳಗಿನ ಸ್ಟೋರಿಯನ್ನು ಎಷ್ಟು ಜನ ನೋಡಿದ್ದರು ಅಂತ ತಂಗಿಯನ್ನು ಕೇಳಿದೆ. "ನೆನಪಿಲ್ಲ ಅಕ್ಕಾ" ಅಂದಳು, ಫೋನನ್ನು ಬೋರಲು ಹಾಕಿ.