ಪೆಟ್ಟಿಗೆ ಮೇಲಿನ ವೇಗ

ಚುನಾವಣೆ ಮುಗಿದು ಠಾಣೆಯಿಂದ ಕೋವಿಗಳು ವಾಪಸಾದರೆ ಸಾಕು, ಬದಿಯಡ್ಕ, ಪೆರ್ಲ ಕಡೆಯ ಅಡಿಕೆ ಅಂಗಳಗಳಲ್ಲಿ ಮಾತು ಶುರು: ರಿವಾಲ್ವರಿನ ಕಂಪೆನಿ ತೋಟಾಗಳಲ್ಲಿ ಈಗ ಮೊದಲಿನ ಬಲ ಇಲ್ಲವಂತೆ. ಅರ್ಧ ನಿಜ.

1935ರಲ್ಲಿ .357 ಮ್ಯಾಗ್ನಮ್ ಎಂಬ ರಿವಾಲ್ವರ್ ತೋಟಾ ಬಂದಾಗ 158 ಗ್ರೇನ್ (ಸುಮಾರು 10 ಗ್ರಾಂ) ಗುಂಡಿಗೆ ಸೆಕೆಂಡಿಗೆ 1,500 ಅಡಿ ದಾಟಿದ ವೇಗ. ಅಳೆದದ್ದು ಮಾತ್ರ ಎಂಟೂಮುಕ್ಕಾಲು ಇಂಚಿನ ನಳಿಗೆಯಲ್ಲಿ! ಈಗ 4 ಇಂಚಿನ ಪರೀಕ್ಷಾ ನಳಿಗೆಯಲ್ಲಿ 1,235ರ ಆಸುಪಾಸು. ವೇಗ ಐದನೇ ಒಂದು ಭಾಗದಷ್ಟೂ ಇಳಿದಿಲ್ಲ, ಆದರೆ ಶಕ್ತಿ ಮೂರನೇ ಒಂದು ಭಾಗ ಹೋಯಿತು. ಶಕ್ತಿ ವೇಗದ ವರ್ಗದ ಲೆಕ್ಕದಲ್ಲಿ ನಡೆಯುತ್ತದೆ. ಎರಡು ಇಂಚಿನ ನಳಿಗೆಯಾದರೆ ಇನ್ನೂ ಕಡಿಮೆ. ತೋಟಾ ತುಂಬುವ, ತಿರುಗುವ ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದಿಯಲ್ಲಿ ಸೋರುವ ಅನಿಲ ಬೇರೆ.

.45 ಕೋಲ್ಟ್ ಕಥೆಯೇ ಬೇರೆ. ತೋಟಾ ದೊಡ್ಡದು, ಒತ್ತಡದ ಮಿತಿ ಮಾತ್ರ 14,000 ಪಿಎಸ್ಐ (ಚದರ ಇಂಚಿಗೆ ಪೌಂಡ್); .357ಕ್ಕೆ 35,000. ಕಾರಣ, 1873ರ ಮಾದರಿಯ ಹಳೇ ರಿವಾಲ್ವರಿಗೂ ಅದೇ ತೋಟಾ ಹೋಗುತ್ತದೆ, ಸಿಲಿಂಡರ್ ಒಡೆಯಬಾರದಲ್ಲ. ಹಳೇ ಕರಿಮದ್ದಿಗೆಂದು ಮಾಡಿದ ದೊಡ್ಡ ಚಿಪ್ಪಿನಲ್ಲಿ ಈಗಿನ ಮದ್ದು ಸ್ವಲ್ಪವೇ ಸಾಕು, ತಳದಲ್ಲಷ್ಟೇ ಇರುತ್ತದೆ. ನಳಿಗೆ ತಗ್ಗಿಸಿ ಹೊಡೆದರೆ ಮದ್ದು ಗುಂಡಿನ ಕಡೆ ಸರಿದು, ಒಂದೇ ಪೆಟ್ಟಿಗೆಯ ತೋಟಾಗಳಲ್ಲೂ ವೇಗ ಏರುಪೇರು. ನಮ್ಮಲ್ಲಿ ಕಾಣುವ .32 ರಿವಾಲ್ವರಿನದೂ ಇಂಥದೇ ಮೆದು ತೋಟಾ.

ಹಾಗಾಗಿ ಪೆಟ್ಟಿಗೆಯಲ್ಲಿ ವೇಗಕ್ಕಿಂತ ಮೊದಲು ನೋಡಬೇಕಾದ್ದು ನಳಿಗೆಯ ಉದ್ದ. ಅದನ್ನು ಅಚ್ಚು ಹಾಕಿರುವುದು ಇರುವೆಗಾತ್ರದ ಅಕ್ಷರದಲ್ಲಿ, ಅದೂ ಹಾಕಿದ್ದರೆ.